ಬ್ರೀದರ್ ಪೈಪ್ ತಿರುಗಿಸಿದ್ದು ಯಾರು

ಚನ್ನಗಿರಿಯ ಲಾರಿ ಸ್ಟ್ಯಾಂಡಿನಲ್ಲಿ ನಾನು ಈಗ ಚಹಾ ಕುಡಿಯುವುದಿಲ್ಲ. ಅಲ್ಲಿಯ ಬೆಂಚಿನ ಮೇಲೆ ಅರ್ಧ ಆಯುಷ್ಯ ಕಳೆದವನು ನಾನು. ಯಾರಾದರೂ ಕಾರಣ ಕೇಳಿದರೆ ಚಹಾ ಹೊಟ್ಟೆಗೆ ಆಗಿಬರುವುದಿಲ್ಲ ಎನ್ನುತ್ತೇನೆ. ಅದು ಸುಳ್ಳು. ನಿಜ ಹೇಳಲು ಹೊರಟರೆ ಒಂದು ಹಳೆಯ ಲಾರಿಯ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಅದನ್ನು ಪೂರ್ತಿ ಕೇಳುವಷ್ಟು ತಾಳ್ಮೆ ನಮ್ಮ ಊರಿನಲ್ಲಿ ಯಾರಿಗೂ ಇರಲಿಲ್ಲ.

ಲಾರಿ ನನ್ನದು ಮತ್ತು ನನ್ನ ಗೆಳೆಯನದು. ನಾವಿಬ್ಬರೂ ಬಸವಾಪಟ್ಟಣದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಅವನಿಗೆ ಮಾತು ಬರುತ್ತಿತ್ತು, ನನಗೆ ಕೈಕೆಲಸ ಬರುತ್ತಿತ್ತು. ಅವನು ಮೆಕ್ಕೆಜೋಳದ ದಲ್ಲಾಳಿಗಳ ಹಿಂದೆ ಓಡಾಡಿ ಅಲ್ಲೇ ನೆಲೆ ಕಂಡುಕೊಂಡ. ನಾನು ಕಂಡವರ ಲಾರಿ ಓಡಿಸಿದೆ. ಕೊನೆಗೆ ಇಬ್ಬರೂ ಕೂಡಿ ಆರು ಗಾಲಿಯ, ಮುಂದೆ ಮೂತಿ ಇರುವ ಹಳೆಯ ಲಾರಿಯೊಂದನ್ನು ಕೊಂಡೆವು. ಆರ್.ಸಿ. ಅವನ ಹೆಸರಿನಲ್ಲಿತ್ತು. ಲೋಡು ಹಿಡಿಯುವುದು ಅವನ ಕೆಲಸ, ಓಡಿಸುವುದು ಮತ್ತು ಸಾಕುವುದು ನನ್ನ ಕೆಲಸ. ಜಗಳೂರಿನಿಂದ ಮೆಕ್ಕೆಜೋಳ, ಹೊನ್ನಾಳಿಯಿಂದ ಇಟ್ಟಿಗೆ, ನ್ಯಾಮತಿಗೆ ಗೊಬ್ಬರ. ಎಂಥ ಲೋಡು ಸಿಕ್ಕರೂ ಬೇಡ ಅನ್ನುತ್ತಿರಲಿಲ್ಲ.

ಕೊಳ್ಳುವಾಗಲೇ ಇಂಜಿನ್ ದಣಿದಿತ್ತು. ಡೀಸೆಲ್ ಇಂಜಿನ್ನಿನಲ್ಲಿ ಉರಿದ ಹೊಗೆ ಎಲ್ಲವೂ ಸೈಲೆನ್ಸರಿನಿಂದ ಹೋಗುವುದಿಲ್ಲ. ಸ್ವಲ್ಪ ಭಾಗ ಪಿಸ್ಟನ್ನಿನ ರಿಂಗುಗಳ ಸಂದಿಯಿಂದ ನುಸುಳಿ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಅದು ಹೊರಗೆ ಹೋಗಲು ದಾರಿ ಬೇಕು. ಅದಕ್ಕಾಗಿ ಇಂಜಿನ್ನಿನ ಪಕ್ಕದಲ್ಲಿ ಒಂದು ಪೈಪು ನೆಲದ ಕಡೆಗೆ ಬಾಯಿ ಬಿಟ್ಟುಕೊಂಡು ಇಳಿಬಿದ್ದಿರುತ್ತದೆ. ಬ್ರೀದರ್ ಪೈಪ್ ಎನ್ನುತ್ತಾರೆ. ಇಂಜಿನ್ ಗಟ್ಟಿಯಿದ್ದರೆ ಅಲ್ಲಿ ಬರುವುದು ತೆಳ್ಳಗಿನ ಹಬೆ. ರಿಂಗುಗಳು ಸವೆದಂತೆ ಹಬೆ ಹೋಗಿ ಹೊಗೆಯಾಗುತ್ತದೆ, ಹೊಗೆಯ ಜೊತೆ ಆಯಿಲ್ ತೊಟ್ಟಿಕ್ಕುತ್ತದೆ. ಬ್ಯಾಕ್ ಕಂಪ್ರೆಶನ್ ಬಂದಿದೆ ಎಂದು ಮೇಸ್ತ್ರಿಗಳು ಹೇಳುವುದು ಇದಕ್ಕೇ. ಹಳೆಯ ಗಾಡಿ ಕೊಳ್ಳುವವನು ಮೊದಲು ಬಗ್ಗಿ ನೋಡುವುದು ಈ ಪೈಪಿನ ಬಾಯನ್ನೇ.

ನಮ್ಮ ಗಾಡಿಯ ಪೈಪು ಮೋಟು ಬೀಡಿ ಸೇದುವವನ ಹಾಗೆ ಹೊಗೆ ಬಿಡುತ್ತಿತ್ತು. ನಿಲ್ಲಿಸಿದಲ್ಲೆಲ್ಲ ನೆಲದ ಮೇಲೆ ಕಪ್ಪು ಕಲೆ. ಮನೆಯ ಮುಂದೆ ರಂಗೋಲಿ ಹಾಕಲು ಬಂದ ನನ್ನ ಹೆಂಡತಿ ಆ ಕಲೆಯ ಮೇಲೆ ಬೂದಿ ಚೆಲ್ಲುತ್ತಾ ಲಾರಿಗೂ ನನಗೂ ಸೇರಿಸಿ ಬೈಯುತ್ತಿದ್ದಳು. ಇಂಜಿನ್ ಬಿಚ್ಚಿ, ಸಿಲಿಂಡರ್ ಕೊರೆಸಿ ಹೊಸ ರಿಂಗು ಹಾಕಿಸುವ ಬೋರ್ ಕೆಲಸ ಮಾಡಿಸೋಣ ಎಂದರೆ ಗೆಳೆಯ, "ಓಡ್ತಾ ಐತಲ್ಲ, ಓಡ್ಲಿ ಬಿಡಲೇ" ಎನ್ನುತ್ತಿದ್ದ.

ಹಾಗಾದರೆ ಇದ್ದದ್ದನ್ನು ಉಳಿಸಿಕೊಳ್ಳಬೇಕಲ್ಲ. ಇಂಜಿನ್ನನ್ನು ಒಳಗಿನಿಂದ ತಿನ್ನುವುದು ಆಯಿಲ್ಲಿನಲ್ಲಿ ಸೇರುವ ಮಸಿ. ಕಂಪನಿ ಕೊಟ್ಟ ಫಿಲ್ಟರಿನಲ್ಲಿ ದಪ್ಪ ಕಸ ನಿಲ್ಲುತ್ತದೆ, ಕಾಡಿಗೆಯಂಥ ಮಸಿ ನಿಲ್ಲುವುದಿಲ್ಲ. ಆಯಿಲ್ ಎಲ್ಲವೂ ಅದರಲ್ಲಿ ರಭಸವಾಗಿ ಹಾದುಹೋಗಬೇಕಾದ್ದರಿಂದ ಅದನ್ನು ತೀರಾ ಬಿಗಿಯಾಗಿ ಮಾಡುವಂತೆಯೂ ಇಲ್ಲ. ಒಮ್ಮೆ ಹೊನ್ನಾಳಿಯ ಗುಜರಿಯಲ್ಲಿ, ಕಲ್ಲು ಕ್ವಾರಿಯ ಹಳೆಯ ಜನರೇಟರಿನಿಂದ ಬಿಚ್ಚಿದ ಕಬ್ಬಿಣದ ಡಬ್ಬಿಯೊಂದು ಕಣ್ಣಿಗೆ ಬಿತ್ತು. ಅದು ಬೈಪಾಸ್ ಫಿಲ್ಟರ್. ದೊಡ್ಡ ಫಿಲ್ಟರ್ ತನ್ನ ಪಾಡಿಗೆ ತಾನಿರುತ್ತದೆ. ಇದು ಪಕ್ಕದಲ್ಲಿ ಕೂತು ಸ್ವಲ್ಪ ಸ್ವಲ್ಪವೇ ಆಯಿಲ್ ಎಳೆದುಕೊಂಡು, ನಿಧಾನವಾಗಿ ಸೋಸಿ, ತಿರುಗಿ ಚೇಂಬರಿಗೆ ಬಿಡುತ್ತದೆ. ಡಬ್ಬಿಯನ್ನು ತಂದು ಡೀಸೆಲ್ಲಿನಲ್ಲಿ ತೊಳೆದೆ. ಒಳಗೆ ಹತ್ತಿಯ ನೂಲನ್ನು ಕೈಯಿಂದಲೇ ಬಿಗಿಯಾಗಿ ಸುತ್ತಿ ಕೂರಿಸಿದೆ. ಆಯಿಲ್ ಒಳಗೆ ಹೋಗುವ ಕಡೆ ಸೂಜಿಯ ತೂತಿನಷ್ಟೇ ದಾರಿ ಬಿಟ್ಟೆ. ಹೆಚ್ಚು ಬಿಟ್ಟರೆ ಇಂಜಿನ್ನಿನ ಆಯಿಲ್ ಪ್ರೆಷರ್ ಬೀಳುತ್ತದೆ.

ಪವಾಡವೇನೂ ಆಗಲಿಲ್ಲ. ಸವೆದ ರಿಂಗು ಸವೆದೇ ಇತ್ತು, ಬ್ರೀದರಿನ ಹೊಗೆ ನಿಲ್ಲಲಿಲ್ಲ. ಆದರೆ ಹೆಚ್ಚಾಗಲೂ ಇಲ್ಲ. ಆಯಿಲ್ ಮಟ್ಟ ನೋಡುವ ಕಡ್ಡಿ ಎಳೆದು ಅದರ ಆಯಿಲ್ಲನ್ನು ಬೆರಳಿಗೆ ತಿಕ್ಕಿದರೆ ಮೊದಲು ಬರೀ ಮಸಿ ಕಾಣುತ್ತಿತ್ತು. ಈಗ ಆಯಿಲ್ಲಿನ ಕೆಳಗೆ ಬೆರಳಿನ ಗೆರೆ ಕಾಣುತ್ತಿತ್ತು. ಎಷ್ಟೋ ವರ್ಷ ಅದೇ ಇಂಜಿನ್ ನಮ್ಮಿಬ್ಬರ ಮನೆಗೂ ಅನ್ನ ಹಾಕಿತು. ನನ್ನ ಜೀವನದಲ್ಲಿ ನಾನೇ ಯೋಚಿಸಿ ನಾನೇ ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ಯಾರಾದರೂ ಕೇಳಿದ್ದರೆ ಆ ಡಬ್ಬಿಯನ್ನು ತೋರಿಸುತ್ತಿದ್ದೆ.

ಜಗಳೂರಿನ ಜೋಳದ ಯಾರ್ಡಿನಲ್ಲಿ ಡ್ರೈವರುಗಳು ಬಾನೆಟ್ ಎತ್ತಿಸಿ ಅದನ್ನು ನೋಡುತ್ತಿದ್ದರು. ಅವರಲ್ಲಿ ಒಬ್ಬ ಜಗಳೂರಿನ ಹತ್ತಿರದ ಹಳ್ಳಿಯವನು. ನನಗಿಂತ ಚಿಕ್ಕವನು, ಹೆಂಡತಿ ಮಕ್ಕಳಿರುವವನು. ಬೇರೆಯವರ ಲಾರಿ ಓಡಿಸುತ್ತಿದ್ದ. ಉಳಿದವರು ನೋಡಿ ನಕ್ಕು ಹೋದರೆ ಇವನು ನಿಂತು ಕೇಳುತ್ತಿದ್ದ. ಮೂಟೆ ತುಂಬುವವರೆಗೂ ನಾವಿಬ್ಬರೂ ಲಾರಿಯ ನೆರಳಿನಲ್ಲಿ ಕೂತು ಇಂಜಿನ್ನುಗಳ ಬಗ್ಗೆಯೇ ಮಾತಾಡುತ್ತಿದ್ದೆವು.

"ಅಣ್ಣಾ, ಈ ಗಾಡಿ ಯಾವಾಗಾದ್ರೂ ಕೊಡೋದಾದ್ರೆ ನನಗೇ ಹೇಳ್ರಿ" ಎನ್ನುತ್ತಿದ್ದ. "ಯಾರ್ದೋ ಗಾಡಿ ಓಡ್ಸಿ ಓಡ್ಸಿ ಸಾಕಾಗೈತೆ. ನೀವು ಸಾಕಿದ್ದು ಅಂದ್ರೆ ನಾನು ಕಣ್ಮುಚ್ಚಿ ತಗಂತೀನಿ."

ಅಷ್ಟರಲ್ಲಿ ನನಗೆ ಹರ್ನಿಯಾ ಆಪರೇಷನ್ ಆಯಿತು. ಕೆಲವು ತಿಂಗಳು ಸ್ಟೇರಿಂಗ್ ಮುಟ್ಟಬಾರದು ಎಂದರು ಡಾಕ್ಟರು. ಗೆಳೆಯ ಬೇರೆ ಡ್ರೈವರನ್ನು ಹಾಕಿದ. ಮೊದಮೊದಲು ಸಂಜೆ ಬನ್ನು, ಬಾಳೆಹಣ್ಣು ಹಿಡಿದುಕೊಂಡು ಬಂದು ಕೂರುತ್ತಿದ್ದ. ಆಮೇಲೆ ಬರುವುದು ಕಡಿಮೆಯಾಯಿತು. ಗಾಡಿ ಹೇಗಿದೆ ಎಂದು ಕೇಳಿದರೆ "ಐತೆ" ಎನ್ನುತ್ತಿದ್ದ. ಹೊಸ ಡ್ರೈವರು ನೂಲಿನ ಸುರುಳಿ ಬದಲಾಯಿಸುವುದಿರಲಿ, ಆಯಿಲ್ಲನ್ನೂ ಬದಲಾಯಿಸದೆ ಮಿತಿಮೀರಿದ ಲೋಡು ಎಳೆಸುತ್ತಿದ್ದನಂತೆ. ಅದು ನನ್ನ ಕಿವಿಗೆ ಬಿದ್ದದ್ದು ಆಮೇಲೆ.

ಒಂದು ಮಧ್ಯಾಹ್ನ ಗೆಳೆಯ ಫೋನ್ ಕಿವಿಗಿಟ್ಟುಕೊಂಡೇ ನಮ್ಮ ಮನೆಯೊಳಗೆ ಬಂದ. ಫೋನಿನ ಬಾಯಿಗೆ ಕೈ ಮುಚ್ಚಿ, "ಗಾಡಿ ಕೊಡ್ತಾ ಇದೀನಿ ಕಣಲೇ. ನಿನಗೂ ಇನ್ಮೇಲೆ ಓಡ್ಸಾಕೆ ಆಗಲ್ಲ. ಜಗಳೂರಿನ ನಿನ್ನ ದೋಸ್ತನೇ ತಗಂತಾನೆ. ನಿನ್ ಜೊತಿಗೆ ಮಾತಾಡ್ಬೇಕಂತೆ" ಎಂದು ಫೋನ್ ನನ್ನ ಕೈಗೆ ತುರುಕಿದ.

ಆ ಕಡೆಯಿಂದ ಜಗಳೂರಿನವನ ದನಿ. "ಅಣ್ಣಾ, ಹುಷಾರಾಗಿದೀರಾ? ಗಾಡಿ ನೋಡ್ದೆ. ಬ್ರೀದರ್ ಪೈಪ್‌ನಾಗೆ ಹೊಗೆನೇ ಇಲ್ಲ, ಒಣಗೈತೆ! ಆದ್ರೂ ನಿಮ್ ಬಾಯಾಗೆ ಒಂದು ಮಾತು ಬರ್ಲಿ ಅಂತ."

ಹೊಗೆಯೇ ಇಲ್ಲ ಎಂದದ್ದು ಕೇಳಿ ನಾನು ಗೆಳೆಯನ ಮುಖ ನೋಡಿದೆ. "ಬೋರ್ ಕೆಲ್ಸ ಮಾಡ್ಸಿದೆಯೇನೋ?" ಎಂದು ಕೇಳಿದೆ.

"ಹ್ಞೂಂ, ಹೊನ್ನಾಳ್ಯಾಗೆ ಮಾಡ್ಸೀನಿ. ನೀನು ಮಲಗಿದ್ದೆ, ತಲೆಬ್ಯಾನಿ ಯಾಕೆ ಅಂತ ಹೇಳಲಿಲ್ಲ."

ನನಗೆ ಖುಷಿಯೇ ಆಯಿತು. ಕೊನೆಗಾದರೂ ಇಂಜಿನ್ನಿಗೆ ಒಳ್ಳೆಯದು ಮಾಡಿದನಲ್ಲ ಎಂದುಕೊಂಡೆ. "ಹಂಗಾದ್ರೆ ತಗಳಪ್ಪಾ" ಎಂದೆ ಫೋನಿನಲ್ಲಿ. "ಇಂಜಿನ್ ಹೊಸದಾದಂಗೆ ಲೆಕ್ಕ. ನಿನ್ನಂಥೋನ ಕೈಗೆ ಹೋಗ್ತೈತೆ ಅಂದ್ರೆ ನನಗೂ ಸಮಾಧಾನ."

ಗಾಡಿ ಜಗಳೂರಿಗೆ ಹೋಯಿತು. ಅವನ ಹೆಂಡತಿ ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತುವ ಫೋಟೋ ನನ್ನ ಮೊಬೈಲಿಗೆ ಬಂತು. ನನ್ನ ಹೆಂಡತಿಗೂ ತೋರಿಸಿದೆ.

ದೀಪಾವಳಿ ಹತ್ತಿರವಿದ್ದಾಗ ನ್ಯಾಮತಿಯಲ್ಲಿ ಆದದ್ದನ್ನು ನಾನು ಕಣ್ಣಾರೆ ಕಾಣಲಿಲ್ಲ. ಅಲ್ಲಿ ಹೋಟೆಲ್ ಇಟ್ಟುಕೊಂಡಿರುವ ಪರಿಚಯದವರು ಎಲ್ಲವನ್ನೂ ಹೇಳಿದರು. ಜಗಳೂರಿನವನು ಜೋಳದ ಲೋಡು ತುಂಬಿಕೊಂಡು ಬಂದು ಪೇಟೆ ರಸ್ತೆಯಲ್ಲಿ ಇಂಜಿನ್ ಚಾಲೂ ಇಟ್ಟೇ ಯಾರನ್ನೋ ವಿಳಾಸ ಕೇಳುತ್ತಿದ್ದ. ಆಕ್ಸಿಲರೇಟರ್ ಮೇಲೆ ಕಾಲಿರಲಿಲ್ಲ. ಆದರೂ ಇಂಜಿನ್ ತಾನಾಗಿಯೇ ಏರತೊಡಗಿತು. ಅವನು ಇಂಜಿನ್ ನಿಲ್ಲಿಸುವ ಸ್ಟಾಪ್ ಹಿಡಿ ಎಳೆದ. ನಿಲ್ಲಲಿಲ್ಲ. ಮತ್ತೆ ಎಳೆದ, ಹಿಡಿಯೇ ಕಿತ್ತು ಕೈಗೆ ಬಂತು. ಕಿರುಚಾಟ ಇನ್ನೂ ಏರಿತು. ಬಿಳಿ ಹೊಗೆ ಪೇಟೆಯನ್ನೇ ಮುಚ್ಚಿತು. ಅಂಗಡಿಯವರು ಬಾಗಿಲು ಎಳೆದುಕೊಂಡು ಓಡಿದರು.

ಸ್ಟಾಪ್ ಎಳೆದರೆ ನಿಲ್ಲುವುದು ಡೀಸೆಲ್ ಮಾತ್ರ. ಆ ಹೊತ್ತಿನಲ್ಲಿ ಇಂಜಿನ್ ಡೀಸೆಲ್ ಕುಡಿಯುತ್ತಿರಲಿಲ್ಲ, ತನ್ನದೇ ಆಯಿಲ್ ಕುಡಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಟಾಪ್ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಟ್ಟರೆ ಇಂಜಿನ್ ಉಸಿರುಕಟ್ಟಿ ನಿಲ್ಲಬಹುದು. ಅದು ಅವನಿಗೆ ಗೊತ್ತಿತ್ತು. ಯಾರ್ಡಿನಲ್ಲಿ ಕೂತು ನಾವೇ ಮಾತಾಡಿಕೊಂಡಿದ್ದೆವು. ಆದರೆ ಲಾರಿಯ ಮೂತಿಯ ಮುಂದೆಯೇ ಹಬ್ಬಕ್ಕೆ ಹೂವು ಮಾರಲು ಕೂತ ಹೆಂಗಸರಿದ್ದರು. ಬ್ರೇಕ್ ತಡೆಯದೆ ಲಾರಿ ಜಿಗಿದರೆ ಅವರು ಉಳಿಯುವುದಿಲ್ಲ ಎಂದು ಹೆದರಿ ಅವನು ಗೇರ್ ಮುಟ್ಟಲಿಲ್ಲ. ಕೆಳಗೆ ಹಾರಿ, ಬಾನೆಟ್ ಎತ್ತಿ, ಗಾಳಿ ಎಳೆಯುವ ಪೈಪಿನ ಬಾಯಿಗೆ ಗೋಣಿಚೀಲ ತುರುಕಲು ಹೋದ. ಗಾಳಿ ಕಟ್ಟಿದರೆ ಇಂಜಿನ್ ಸಾಯುತ್ತದೆ. ಮಾಡಿದ್ದು ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಮುರಿದು ಇಂಜಿನ್ನಿನ ಗೋಡೆ ಒಡೆದು ಹೊರಗೆ ಬಂತು. ಕಾದ ಆಯಿಲ್ ಅವನ ಮುಖಕ್ಕೂ ಬಲಗೈಗೂ ಎರಚಿತು. ಹೂವಿನ ಹೆಂಗಸರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ.

ಅವನನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದರು. ನಾನು ಹೋದಾಗ ಮುಖದ ತುಂಬ ಬಟ್ಟೆ ಸುತ್ತಿದ್ದರು, ನಿದ್ದೆಯ ಔಷಧಿಯಲ್ಲಿದ್ದ. ಬಲಗಣ್ಣು ಹೋಯಿತೆಂದು ನರ್ಸ್ ಹೇಳಿದಳು. ಅವನ ಹೆಂಡತಿ ಕಾರಿಡಾರಿನಲ್ಲಿ ನೆಲದ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ನೀವೇನಾ ಚನ್ನಗಿರಿ ಅಣ್ಣಾರು?"

"ಹೌದಮ್ಮಾ."

"ಅಣ್ಣ ಹೇಳಿದ್ರು, ಇನ್ನೇನ್ ನೋಡೋದೈತೆ ಅಂತ ತಗಂಡ್ರು ರೀ" ಎಂದಳು. ಅಳುತ್ತಿರಲಿಲ್ಲ. ಹೇಳಿ ಮತ್ತೆ ಕೂತು ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ತಂದಿದ್ದ ಎಳನೀರನ್ನು ಅವಳ ಪಕ್ಕದಲ್ಲಿ ಇಟ್ಟು ಬಂದೆ.

ಅಲ್ಲಿಂದ ನೇರವಾಗಿ ನ್ಯಾಮತಿಗೆ ಹೋದೆ. ಲಾರಿಯನ್ನು ರಸ್ತೆಯ ಪಕ್ಕಕ್ಕೆ ನೂಕಿ ನಿಲ್ಲಿಸಿದ್ದರು. ಬಾನೆಟ್ ಎತ್ತಿದೆ. ಇಂಜಿನ್ನಿನ ಹೊಟ್ಟೆಯಲ್ಲಿ ಮುಷ್ಟಿ ಹಿಡಿಸುವಷ್ಟು ತೂತು. ನನ್ನ ಡಬ್ಬಿ ತನ್ನ ಜಾಗದಲ್ಲೇ ಇತ್ತು. ಹೊರಗೆ ಇಳಿಬಿದ್ದ ಬ್ರೀದರ್ ಪೈಪನ್ನು ಕೈಯಿಂದ ಸವರುತ್ತಾ ಮೇಲಕ್ಕೆ ಹೋದರೆ, ಅದರ ಮೇಲಿನ ತುದಿಗೆ ಮರದ ಬೆಣೆ ಹೊಡೆದಿತ್ತು. ಇಂಜಿನ್ನಿನಿಂದ ಹೊಗೆ ಬರುವ ಬಾಯಿಗೆ ಬೇರೆಯದೇ ಒಂದು ಕಪ್ಪು ರಬ್ಬರ್ ಹೋಸ್ ಹಾಕಿ, ಯಾರ ಕಣ್ಣಿಗೂ ಬೀಳದ ಹಾಗೆ ಹಿಂಬದಿಯಿಂದ ತಿರುಗಿಸಿ, ಗಾಳಿ ಎಳೆಯುವ ಪೈಪಿಗೆ ಜೋಡಿಸಿದ್ದರು. ಕ್ಲಿಪ್ಪುಗಳು ಹೊಸವು. ಹೋಸ್ ಬಿಚ್ಚಿದರೆ ಒಳಗಿನಿಂದ ಆಯಿಲ್ ಸುರಿಯಿತು.

ಬೋರ್ ಕೆಲಸ ನಡೆದೇ ಇರಲಿಲ್ಲ. ಕೆಟ್ಟ ಇಂಜಿನ್ನಿನ ಹೊಗೆ ಹೊರಗೆ ಕಾಣಬಾರದೆಂದು ಅದನ್ನು ಇಂಜಿನ್ನಿಗೇ ಕುಡಿಸಿದ್ದರು. ಹೊಗೆಯ ಜೊತೆ ಆಯಿಲ್ ಕೂಡ ಹೋಯಿತು. ಕೊಳ್ಳುವವನು ಬಗ್ಗಿ ನೋಡಿದರೆ ಮೋಸ ಹೋಗಲೆಂದೇ ಖಾಲಿ ಪೈಪನ್ನು ಹಾಗೆಯೇ ಬಿಟ್ಟಿದ್ದರು.

ಚನ್ನಗಿರಿಗೆ ಬಂದು ಗೆಳೆಯನ ಮನೆಗೆ ಹೋದೆ. ಅವನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ.

"ಬ್ರೀದರ್ ತಿರುಗ್ಸಿದ್ದು ಯಾರಲೇ?" ಎಂದೆ.

ಅವನು ಮೊದಲು ಮನೆಯ ಬಾಗಿಲ ಕಡೆ ನೋಡಿದ. "ಮೆಲ್ಲಕೆ ಮಾತಾಡು. ಹೊಸ ಗಾಡಿಗಳಾಗೆಲ್ಲ ಕಂಪನಿಯೋರೇ ಹಂಗೆ ಕೊಟ್ಟಿರ್ತಾರಂತಲ್ಲ. ಹೊಗೆ ಹೊರಗೆ ಬಿಡೋ ಹಂಗೇ ಇಲ್ವಂತೆ. ಆ ಫಿಟ್ಟರ್ರೇ ಹೇಳ್ದ, ಏನೂ ಆಗಲ್ಲ ಅಂತ."

"ಹೊಸ ಗಾಡ್ಯಾಗೆ ಮಧ್ಯ ಆಯಿಲ್ ಬ್ಯಾರೆ ಮಾಡಾಕೆ ಡಬ್ಬಿ ಇರ್ತೈತೆ, ವಾಲ್ವ್ ಇರ್ತೈತೆ. ಇಲ್ಲಿ ಏನಿತ್ತು? ಬೆಣೆ ಯಾಕೆ ಹೊಡ್ಸಿದೆ? ಖಾಲಿ ಪೈಪ್ ಯಾಕೆ ಬಿಟ್ಟೆ?"

ಅವನು ಎದ್ದು ಹೋಗಿ ಮನೆಯ ಬಾಗಿಲು ಎಳೆದು ಬಂದ.

"ನನ್ ಹತ್ರ ಯಾಕೆ ಹೇಳ್ಸಿದೆ? ಅವ್ನು ನನ್ ಮಾತು ಕೇಳಿ ತಗಂಡ."

"ನಿನ್ ಮಾತು ಕೇಳಿದ್ರೆ ತಗಂತಾನೆ ಅಂತಾನೇ ಹೇಳ್ಸಿದ್ದು" ಎಂದ. ಲೋಡಿನ ಬಾಡಿಗೆ ಹೇಳುವಷ್ಟು ಸಲೀಸಾಗಿ ಹೇಳಿದ.

ಹೊನ್ನಾಳಿಯ ಫಿಟ್ಟರನ್ನು ಹುಡುಕಿಕೊಂಡು ಹೋದೆ. ಅವನು ಶೆಡ್ಡಿನ ಒಳಗೆ ಕೂಡ ಕರೆಯಲಿಲ್ಲ. "ಆ ಗಾಡಿ ನಮ್ಮಲ್ಲಿಗೆ ಬಂದೇ ಇಲ್ಲ ರೀ. ಯಾರು ಹೇಳಿದ್ರೋ ಅವ್ರನ್ನೇ ಕೇಳ್ರಿ" ಎಂದು ಸ್ಪಾನರ್ ಹಿಡಿದುಕೊಂಡು ಬೇರೆ ಲಾರಿಯ ಕೆಳಗೆ ಸರಿದ.

ಸುದ್ದಿ ಸ್ಟ್ಯಾಂಡಿನಲ್ಲಿ ಹರಡಿತು. ಜಗಳೂರಿನ ಕಡೆಯ ನಾಲ್ಕು ಜನ ಬಂದು ನ್ಯಾಯ ಕೇಳಿದರು. ಚಹಾ ಅಂಗಡಿಯ ಮುಂದೆ, ಅದೇ ಬೆಂಚುಗಳ ಮೇಲೆ ಹಿರಿಯ ಮಾಲೀಕರು, ಡ್ರೈವರುಗಳು ಕೂತರು. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವನು ಮನೆಯಲ್ಲಿ ಒಪ್ಪಿಕೊಂಡದ್ದನ್ನೂ ಹೇಳಿದೆ.

ಗೆಳೆಯ ಎದ್ದು ನಿಂತು ಎಲ್ಲರಿಗೂ ಕೈ ಮುಗಿದ. "ನೋಡ್ರಪ್ಪಾ, ನಾನು ಲೋಡ್ ಹಿಡಿಯೋನು. ನನಗೆ ಒಂದು ಬೋಲ್ಟ್ ಬಿಚ್ಚಾಕೂ ಬರಲ್ಲ ಅಂತ ನಿಮಗೆಲ್ಲ ಗೊತ್ತೈತೆ. ಇಂಜಿನ್ನಿಗೆ ಕೈ ಹಾಕ್ತಿದ್ದೋರು ಯಾರು? ಕಂಪನಿಯೋರು ಕೊಡದಿರೋ ಫಿಲ್ಟರ್ ತಂದು ಕೂರ್ಸಿದೋರು ಯಾರು? ಫೋನ್‌ನಾಗೆ ತಗಾ ಅಂದೋರು ಯಾರು? ನಾನೇನು ಹೇಳಲ್ಲ. ನೀವೇ ಹೇಳ್ರಿ."

ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಬಾನೆಟ್ ಎತ್ತಿಸಿ ನನ್ನ ಡಬ್ಬಿ ನೋಡಿ ಹೊಗಳಿದ್ದವರು ಅವರಲ್ಲಿ ಎಷ್ಟೋ ಜನ. ಕೊನೆಗೆ ಒಬ್ಬ ಹಿರಿಯರು, "ಅಲ್ಲಪ್ಪಾ, ಅಷ್ಟು ಸೂಕ್ಷ್ಮದ ಫಿಲ್ಟರ್ ಕೂರ್ಸೋ ಕೈಗೆ ಒಂದು ಹೋಸ್ ತಿರುಗ್ಸಾದು ಏನ್ ಮಹಾ?" ಎಂದರು. ಹಲವರು ತಲೆಯಾಡಿಸಿದರು. ನಾನು ಹಾಸಿಗೆ ಹಿಡಿದಿದ್ದೆ ಎಂದೆ. ಮಲಗಿದಲ್ಲಿಂದಲೇ ಹೇಳಿ ಮಾಡಿಸಬಹುದಲ್ಲ ಎಂದರು. ಕಲಿತ ಕೆಲಸವೇ ನನ್ನ ಮೇಲೆ ಸಾಕ್ಷಿ ಹೇಳಿತು. ಅವನಿಗೆ ಏನೂ ಬರುವುದಿಲ್ಲ ಎಂಬುದೇ ಅವನನ್ನು ಬಿಡಿಸಿತು.

ಪೊಲೀಸರಿಗೆ ಯಾರೂ ದೂರು ಕೊಡಲಿಲ್ಲ. ಹಳೆಯ ಗಾಡಿ, ಇಂಜಿನ್ ಒಡೆಯಿತು, ಅಷ್ಟೇ ಎಂದು ಮುಗಿಸಿದರು.

ಮುಂದಿನ ಬೇಸಿಗೆಯಲ್ಲಿ ನಾನು ಜಗಳೂರಿಗೆ ಹೋದೆ. ಅವನು ಮನೆಯ ಜಗುಲಿಯ ಮೇಲೆ ಕೂತಿದ್ದ. ಮುಖದ ಬಲಭಾಗದ ಚರ್ಮ ಎಳೆದುಕೊಂಡಿತ್ತು, ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ. ಮುರಿದ ಲಾರಿ ಬೇವಿನ ಮರದ ಕೆಳಗೆ ನಿಂತಿತ್ತು.

"ಬೇರೆ ಇಂಜಿನ್ ಬ್ಲಾಕ್ ಹುಡುಕ್ತೀನಿ. ಇಂಜಿನ್ ನಾನೇ ಕೂತು ಕಟ್ಟಿಕೊಡ್ತೀನಿ. ಗಾಡಿ ಓಡ್ಲಿ, ಯಾರನ್ನಾದ್ರೂ ಡ್ರೈವರ್ ಇಟ್ಕ" ಎಂದೆ.

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಹೆಂಡತಿ ಒಳಗಿನಿಂದ ಬಂದಳು. "ತಪ್ಪು ಮಾಡ್ದಿದ್ದೋರು ಯಾಕ್ರಿ ಕಟ್ಟಿಕೊಡಾಕೆ ಬರ್ತಾರೆ?" ಎಂದಳು. "ಸಾಕು ರೀ. ಮತ್ತೆ ಆ ಗಾಡಿ ಮುಟ್ಟಬ್ಯಾಡ್ರಿ."

ಅವನು ಅವಳಿಗೆ ಸುಮ್ಮನಿರಲು ಸನ್ನೆ ಮಾಡಿದ. ನನ್ನನ್ನು ರಸ್ತೆಯವರೆಗೂ ಕಳಿಸಲು ಬಂದ. ದಾರಿಯಲ್ಲಿ, "ನೀವು ಮಾಡಿಲ್ಲ ಅಂತ ನನಗೆ ಗೊತ್ತೈತೆ ಅಣ್ಣಾ. ನಿಮ್ ಕೈಕೆಲ್ಸ ನಾನು ನೋಡೀನಿ, ಅದು ನಿಮ್ ಕೆಲ್ಸ ಅಲ್ಲ" ಎಂದ. ನನ್ನ ಎದೆ ಸ್ವಲ್ಪ ಹಗುರಾಗುವಷ್ಟರಲ್ಲಿ ಅವನೇ ಮುಂದುವರಿಸಿದ. "ಆದ್ರೆ ಇನ್ನ ಬರಬ್ಯಾಡ್ರಿ. ನಿಮ್ಮನ್ನ ಕಂಡ್ರೆ ಇವಳು ಎಷ್ಟೋ ದಿನ ಊಟ ಬಿಡ್ತಾಳೆ. ನನಗೂ ನಿಮ್ ದನಿ ಕೇಳಿದ್ರೆ ಅವತ್ತಿನ ಫೋನೇ ನೆನಪಾಗ್ತೈತೆ."

ನಾನು ಮತ್ತೆ ಹೋಗಲಿಲ್ಲ. ಲಾರಿಯನ್ನು ಆಮೇಲೆ ಗುಜರಿಯವರು ತುಂಡು ಮಾಡಿ ಒಯ್ದರೆಂದು ಕೇಳಿದೆ.

ಈಗ ನಾನು ಚನ್ನಗಿರಿಯಿಂದ ದಿನಾ ಹೋಗಿ ಬಂದು ತ್ಯಾವಣಿಗೆಯ ಒಂದು ಅಕ್ಕಿ ಗಿರಣಿಯಲ್ಲಿ ಟ್ರಾಕ್ಟರ್ ಓಡಿಸುತ್ತೇನೆ. ಅಲ್ಲಿಯ ಜನರೇಟರ್ ಕೆಟ್ಟು ನಿಂತಾಗ ದಾವಣಗೆರೆಯಿಂದ ಮೇಸ್ತ್ರಿ ಬರುವವರೆಗೆ ಕಾಯುತ್ತಾರೆ. ನನ್ನನ್ನು ಮುಟ್ಟು ಎಂದು ಯಾರೂ ಹೇಳಿಲ್ಲ. ನಾನಾಗಿಯೂ ಮುಟ್ಟುವುದಿಲ್ಲ. ಗೆಳೆಯನದು ಈಗ ಎರಡು ಹೊಸ ಲಾರಿ.

ಹೋದ ವರ್ಷ ನನ್ನ ಮಗಳ ಮದುವೆ ಸಂತೇಬೆನ್ನೂರಿನಲ್ಲಿ ಆಯಿತು. ಅವನಿಗೆ ನಾನು ಹೇಳಿರಲಿಲ್ಲ. ಒಂದೇ ಊರಿನಲ್ಲಿದ್ದು ಹೇಳದಿದ್ದರೆ ಹೇಗೆಂದು ನನ್ನ ಹೆಂಡತಿ ಹೋಗಿ ಅವನ ಮನೆಗೆ ಕುಂಕುಮ ಕೊಟ್ಟು ಬಂದಿದ್ದಳು. ಬಿಳಿ ಅಂಗಿ ಹಾಕಿಕೊಂಡು ಬಂದ. ಜನ ಕುರ್ಚಿ ಬಿಟ್ಟುಕೊಟ್ಟರು. ಹುಡುಗ ಹುಡುಗಿಗೆ ಅಕ್ಷತೆ ಹಾಕಿ, ಊಟದ ಕೋಣೆಯ ಬಾಗಿಲಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡ.

"ಹಳೇದೆಲ್ಲ ಬಿಟ್ಬಿಡಲೇ. ವಯಸ್ಸಾತು ಇಬ್ರಿಗೂ" ಎಂದ. ಕಣ್ಣಲ್ಲಿ ನೀರೂ ಬಂದಿತ್ತು.

"ಜಗಳೂರಿಗೆ ಹೋಗಿ ಅವ್ನ ಹೆಂಡ್ತಿ ಮುಂದೆ ನಿಂತು ಹೇಳು" ಎಂದೆ. "ಹೋಸ್ ತಿರುಗ್ಸಿದ್ದು ನಾನು ಅಂತ ಅಷ್ಟೇ ಹೇಳು. ಇವತ್ತೇ ಬಿಡ್ತೀನಿ."

ಅವನು ನನ್ನ ಕೈ ಬಿಟ್ಟ. ಕಣ್ಣೊರೆಸಿಕೊಂಡು, ಜೇಬಿನಿಂದ ಮೊಬೈಲ್ ತೆಗೆದು ನೋಡಿದ. "ನೋಡಾಣ. ಈ ವಾರ ಲೋಡಿಂಗ್ ಜಾಸ್ತಿ ಐತೆ" ಎಂದ. ಆಮೇಲೆ ಒಳಗೆ ಹೋಗಿ ಪಂಕ್ತಿಯಲ್ಲಿ ಕೂತ. ನನ್ನ ಹೆಂಡತಿ ಅವನ ಎಲೆಗೆ ಹೋಳಿಗೆ ಹಾಕಿ, ಇನ್ನೊಂದು ಹಾಕಿಸಿಕೊಳ್ಳಿ ಎಂದು ಉಪಚಾರ ಮಾಡುತ್ತಿದ್ದಳು. ಬಡಿಸಲೆಂದು ಯಾರೋ ನನ್ನ ಕೈಗೆ ತುಪ್ಪದ ಪಾತ್ರೆ ಕೊಟ್ಟರು. ಪಕ್ಕದಲ್ಲಿದ್ದ ನನ್ನ ಅಳಿಯನ ಅಣ್ಣನಿಗೆ ಅದನ್ನು ಕೊಟ್ಟು, ಆ ಸಾಲಿಗೆ ನೀವು ಬಡಿಸಿ ಎಂದು ಹೇಳಿ ಹೊರಗೆ ಬಂದೆ.